ಯಹೂದಿಗಳಲ್ಲಿ ರಬ್ಬಿ ಯಾರು ಆಗಬಹುದು?

ನಮ್ಮ ದೇವಸ್ಥಾನಗಳಲ್ಲಿ ಅರ್ಚಕರ ಮಗ ಅರ್ಚಕನಾಗುವ ಹಾಗೆ ಯಹೂದಿಗಳಲ್ಲೂ ರಬ್ಬಿಯ ಮಗನೇ ರಬ್ಬಿಯಾಗುತ್ತಾನಾ, ಹೆಂಗಸರು ಆಗಬಹುದಾ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ: ವಂಶಕ್ಕೂ ರಬ್ಬಿ ಪದವಿಗೂ ಸಂಬಂಧವಿಲ್ಲ.

ರಬ್ಬಿ ಅಂದಕೂಡಲೇ ನಾವು ಪೂಜಾರಿ ಅಂದುಕೊಳ್ಳುತ್ತೇವೆ, ಗೊಂದಲ ಇರುವುದು ಅಲ್ಲಿ. ವಂಶದಿಂದ ಬಂದ ಪೂಜಾರಿಗಳು ಅವರಲ್ಲಿ ಬೇರೆಯೇ ಇದ್ದಾರೆ. ಮೋಶೆಯ ಅಣ್ಣ ಆರೋನನ ಸಂತತಿಯ ‘ಕೊಹೆನ್’ಗಳು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಬಲಿ ಅರ್ಪಿಸುವ ಅವರ ಕೆಲಸ ನಿಂತುಹೋಯಿತು. ರಬ್ಬಿ ಅಂದರೆ ಗುರು, ಶಾಸ್ತ್ರ ಬಲ್ಲವನು. ಪ್ರಾರ್ಥನೆಗೆ ಆತ ಇರಲೇಬೇಕೆಂದಿಲ್ಲ. ಸಂಪ್ರದಾಯಸ್ಥರಲ್ಲಿ 13 ತುಂಬಿದ ಹತ್ತು ಗಂಡಸರು ಸೇರಿದರೆ ಸಾಕು. ಕೊಚ್ಚಿಯ ಪರದೇಶಿ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಚಪ್ಪಲಿ ಬಿಟ್ಟು, ಆ ನೀಲಿ-ಬಿಳಿ ಚೀನೀ ಹಾಸುಗಲ್ಲುಗಳ ಮೇಲೆ ನಿಂತು “ಇಲ್ಲಿನ ರಬ್ಬಿ ಯಾರು?” ಎಂದು ಕೇಳಿ ನಾನೂ ಪೆಚ್ಚಾದವನೇ. ದೀಕ್ಷೆ ಪಡೆದ ರಬ್ಬಿ ಇಲ್ಲದೆಯೇ ಕೊಚ್ಚಿಯ ಯಹೂದಿಗಳು ಶತಮಾನಗಳ ಕಾಲ ತಮ್ಮ ಧರ್ಮ ನಡೆಸಿಕೊಂಡು ಬಂದಿದ್ದರು.

ರಬ್ಬಿಯಾಗುವುದು ಓದಿನಿಂದ. ಸಂಪ್ರದಾಯಸ್ಥರಾದರೆ ಯೆಶಿವಾ ಎಂಬ ಪಾಠಶಾಲೆಯಲ್ಲಿ ಹಳೆಯ ಗುರುಗಳ ಶಾಸ್ತ್ರಚರ್ಚೆಗಳ ಗ್ರಂಥವಾದ ಟಾಲ್ಮುಡ್ ಅನ್ನು ವರ್ಷಗಟ್ಟಲೆ ಅರೆದು ಕುಡಿದು, 16ನೇ ಶತಮಾನದ ಯೋಸೆಫ್ ಕಾರೊ ಬರೆದ ‘ಶುಲ್ಹಾನ್ ಅರೂಖ್’ ಎಂಬ ಧರ್ಮಶಾಸ್ತ್ರದಲ್ಲಿ ಪರೀಕ್ಷೆ ಕೊಡಬೇಕು. ಪಾಸಾದವರಿಗೆ ಸಿಗುವ ಅಧಿಕಾರವೇ ‘ಸ್ಮಿಖಾ’. ಪರೀಕ್ಷೆಯಲ್ಲಿ ದೇವರು, ಮೋಕ್ಷ ಎಂದೆಲ್ಲ ಕೇಳುತ್ತಾರೆ ಅಂದುಕೊಳ್ಳಬೇಡಿ. ದೊಡ್ಡ ಪಾಲು ಅಡುಗೆಮನೆಯದ್ದು! ಮಾಂಸ, ಹಾಲು ಬೆರೆಯಬಾರದಲ್ಲ, ಕುದಿಯುವ ಮಾಂಸದ ಸಾರಿಗೆ ಹಾಲು ತುಳುಕಿದರೆ ಏನು ಮಾಡುವುದು? ಪಾತ್ರೆಯಲ್ಲಿರುವುದು ಬಿದ್ದ ಹಾಲಿನ ಅರವತ್ತು ಪಟ್ಟು ಇದ್ದರೆ ಉಣ್ಣಬಹುದು. ಹಾಲಿನ ಚಮಚವನ್ನೇ ಅದ್ದಿಬಿಟ್ಟಿದ್ದರೆ? ಆ ಚಮಚ ಕಳೆದ 24 ಗಂಟೆಯಲ್ಲಿ ಬಿಸಿ ಹಾಲಿಗೆ ಬಿದ್ದಿತ್ತಾ ಎಂಬಲ್ಲಿಂದ ವಿಚಾರಣೆ ಶುರು. ಮಡಿ ಅಜ್ಜಿಯ ಕೈಕೆಳಗೆ ಬೆಳೆದ ನನಗಂತೂ ಇದು ಚೂರೂ ವಿಚಿತ್ರ ಅನ್ನಿಸಲಿಲ್ಲ.

ಮತಾಂತರವಾಗಿ ಯಹೂದಿಗಳಾದವರೂ ರಬ್ಬಿ ಆಗಬಹುದು, ಆಗಿದ್ದಾರೆ. ಸಂಪ್ರದಾಯಸ್ಥರ ನ್ಯಾಯಪೀಠದಲ್ಲಿ ಕೂರುವುದಕ್ಕೆ ಮಾತ್ರ ಅವರಿಗೆ ಕೆಲವು ಮಿತಿಗಳಿವೆ.

ಇನ್ನು ಹೆಂಗಸರು. ಆರ್ಥೊಡಾಕ್ಸ್, ಅಂದರೆ ಸಂಪ್ರದಾಯಸ್ಥ ಪಂಗಡದ ಬಹುಪಾಲು ಈಗಲೂ ಒಪ್ಪುವುದಿಲ್ಲ. ಅಮೆರಿಕದಲ್ಲಿ ಸುಧಾರಣಾವಾದಿ ರಿಫಾರ್ಮ್ ಪಂಗಡ 1972ರಲ್ಲಿ ಸ್ಯಾಲಿ ಪ್ರೀಸಾಂಡ್ ಅವರಿಗೆ, ಇವೆರಡರ ನಡುವಿನ ದಾರಿಯ ಕನ್ಸರ್ವೇಟಿವ್ ಪಂಗಡ 1985ರಲ್ಲಿ ಏಮಿ ಐಲ್‌ಬರ್ಗ್ ಅವರಿಗೆ ದೀಕ್ಷೆ ಕೊಟ್ಟವು. ಆದರೆ ನಿಮ್ಮ ಪ್ರಶ್ನೆಯನ್ನೇ ಇವರಿಗಿಂತ ಎಷ್ಟೋ ಮೊದಲು ಕೇಳಿಕೊಂಡವರು ಬರ್ಲಿನ್‌ನ ರೆಗೀನಾ ಯೋನಾಸ್. ಹೆಂಗಸು ರಬ್ಬಿ ಆಗಬಹುದೇ ಎಂಬುದನ್ನೇ ವಿಷಯ ಮಾಡಿಕೊಂಡು 1930ರಲ್ಲಿ ಪ್ರಬಂಧ ಬರೆದರು; ಹೊಸ ಕಾಲ ಬಂತು, ಬಿಟ್ಟುಕೊಡಿ ಎಂದಲ್ಲ, ಹಳೆಯ ಶಾಸ್ತ್ರದೊಳಗೇ ಅಡ್ಡಿ ಇಲ್ಲ ಎಂದು ವಾದಿಸಿದರು. ನನಗೆ ಆಕೆ ಹಿಡಿಸುವುದು ಇದಕ್ಕೇ. ಆದರೂ ದೀಕ್ಷೆಗೆ 1935ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ನಾಜಿಗಳು 1942ರಲ್ಲಿ ಥೆರೆಸಿಯೆನ್‌ಸ್ಟಾಟ್ ಶಿಬಿರಕ್ಕೆ ದಬ್ಬಿದರು, 1944ರಲ್ಲಿ ಆಶ್ವಿಟ್ಸ್ ಹತ್ಯಾ ಶಿಬಿರಕ್ಕೆ ಸಾಗಿಸಿ ಕೊಂದರು. ಥೆರೆಸಿಯೆನ್‌ಸ್ಟಾಟ್‌ನಲ್ಲಿದ್ದಾಗಲೂ ಆಕೆ ಉಪನ್ಯಾಸ ಕೊಡುತ್ತಿದ್ದರು. ಅವುಗಳ ಕೈಬರಹದ ಪಟ್ಟಿ ಉಳಿದುಕೊಂಡಿದೆ, ಅದರಲ್ಲಿ 24 ವಿಷಯಗಳಿವೆ.