ಹೊಸ ಈಲ್ ಬಾಯಿ ಬಿಡುತ್ತದೆ, ತಿನ್ನುವುದಿಲ್ಲ

ಪ್ರಶ್ನೆ: ಹನ್ನೆರಡು ದಿನದ ಹಿಂದೆ 30 ಸೆಂ.ಮೀ. ಉದ್ದದ ಸ್ನೋಫ್ಲೇಕ್ ಮೊರೆ ಈಲ್ (ಹಾವಿನಂಥ ಸಮುದ್ರದ ಮೀನು) ತಂದೆವು. ಉಪ್ಪುನೀರಿನ 300 ಲೀಟರ್ ಟ್ಯಾಂಕ್. ಹಗಲೆಲ್ಲ ಕಲ್ಲಿನ ಸಂದಿಯಲ್ಲೇ ಇರುತ್ತದೆ. ಸಿಗಡಿ ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಬಾಯಿ ಮಾತ್ರ ಸದಾ ತೆರೆದು ಮುಚ್ಚುತ್ತಿರುತ್ತದೆ. ಹಸಿವೋ, ಕಾಯಿಲೆಯೋ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಾಯಿ ಆಡಿಸುವುದು ಬರೀ ಉಸಿರಾಟ. ಮೊರೆಗಳ ಕಿವಿರಿನ ತೂತು ತೀರಾ ಚಿಕ್ಕದು, ಅದಕ್ಕೇ ಬಾಯಿಂದ ನೀರೆಳೆದು ಹಿಂದಕ್ಕೆ ತಳ್ಳುತ್ತಲೇ ಇರಬೇಕು. ಹನ್ನೆರಡು ದಿನದ ಉಪವಾಸಕ್ಕೂ ಗಾಬರಿ ಬೇಡ. ಮೈ ತುಂಬಿಕೊಂಡು ಬಂದ ಈಲ್ ಎರಡು ಮೂರು ವಾರ ಏನೂ ಮುಟ್ಟದೆ ಇರುವುದು ಮಾಮೂಲು. ಆ ದಿನಗಳಲ್ಲಿ ನಾವು ಮಾಡುವ ಅವಸರವೇ ಉಪವಾಸವನ್ನು ಉದ್ದ ಮಾಡುತ್ತದೆ. ದಿನಕ್ಕೆ ನಾಲ್ಕು ಸಲ ಟಾರ್ಚ್ ಬಿಟ್ಟು ನೋಡುವುದು, ಕಲ್ಲು ಎತ್ತುವುದು, ಮೂತಿಗೆ ಸಿಗಡಿ ತಿವಿಯುವುದು ಎಲ್ಲ ನಿಲ್ಲಲಿ.

ಮೊದಲು ನೀರು ನೋಡಿ. ಕೊಳೆಯಿಂದ ಹುಟ್ಟುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿ.ಗ್ರಾಂ) ದಾಟಬಾರದು. ಉಪ್ಪುನೀರಿನ ಸಾಂದ್ರತೆ (ಸಿಹಿನೀರನ್ನು 1 ಎಂದಿಟ್ಟುಕೊಂಡರೆ) 1.023ರಿಂದ 1.025. ಇದನ್ನು ಅಳೆಯುವ, ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರನ್ನು ಪೂರ್ತಿ ನಂಬಬೇಡಿ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಅಂಕಿ ಮೇಲೆ ಹೋಗುತ್ತದೆ, ಇರುವುದಕ್ಕಿಂತ ಹೆಚ್ಚು ಉಪ್ಪಿದೆ ಎಂದು ತೋರಿಸುತ್ತದೆ. ಉಷ್ಣತೆ 25ರಿಂದ 27 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕ್ ಇದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ತಣ್ಣನೆಯ ನೀರಿನಲ್ಲಿ ಜೀರ್ಣವೇ ನಿಧಾನ, ಹಸಿವು ಎಲ್ಲಿಂದ ಬರಬೇಕು? ನಿಮ್ಮ ಟ್ಯಾಂಕಿಗೆ 300 ವಾಟ್‌ನ ಒಂದು ಹೀಟರ್‌ಗಿಂತ 150ರ ಎರಡು ಒಳ್ಳೆಯದು, ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಹೀಟರಿಗೆ ಪ್ಲಾಸ್ಟಿಕ್ ಜಾಲರಿ ಕವಚ ಕಡ್ಡಾಯ. ಈಲ್ ಬೆಚ್ಚಗಿನ ಗಾಜಿಗೆ ಸುತ್ತಿಕೊಂಡು ಮಲಗುತ್ತದೆ, ಮೈ ಸುಟ್ಟುಕೊಳ್ಳುತ್ತದೆ.

ಆಮೇಲೆ ಮನೆ. ಕಲ್ಲಿನ ಸಂದಿ ನಮಗೆ ಗುಹೆಯಂತೆ ಕಂಡರೂ ಎಲ್ಲ ಕಡೆಯಿಂದ ಬೆಳಕು ಬರುತ್ತಿದ್ದರೆ ಈಲಿಗೆ ಅದು ಬಯಲೇ. ಒಂದೂವರೆ ಇಂಚಿನ ಪಿವಿಸಿ ಪೈಪ್ 35–40 ಸೆಂ.ಮೀ. ಕತ್ತರಿಸಿ, ಒಂದು ತುದಿಗೆ ಎಲ್ಬೋ ಹಾಕಿ, ಅಂಚನ್ನು ಮರಳುಕಾಗದದಲ್ಲಿ ಉಜ್ಜಿ, ಮರಳಿನಲ್ಲಿ ಅರ್ಧ ಹೂತಿಡಿ. ಅಂಟು ಬೇಡ. ಪೈಪಿನ ಗೋಡೆ ಮೈಗೆ ತಾಗುವಂತಿದ್ದರೇ ಅದಕ್ಕೆ ನೆಮ್ಮದಿ. ಬೆಳೆದಂತೆ ಎರಡಿಂಚಿನದಕ್ಕೆ ಬದಲಿಸಿ. ಕಲ್ಲುಗಳು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೇ ಕೂತಿರಲಿ. ಈಲ್ ಮರಳು ತೋಡಿದರೆ ಮೇಲಿನ ಕಲ್ಲು ಅದರ ಮೇಲೇ ಕುಸಿಯುತ್ತದೆ.

ಇನ್ನು ಊಟ. ಸ್ನೋಫ್ಲೇಕಿನ ಕಣ್ಣು ಮಂದ, ಮೂಗು ಚುರುಕು. ಮೂತಿಯ ತುದಿಯಲ್ಲಿ ಕಾಣುವ ಎರಡು ಹಳದಿ ಕೊಳವೆಗಳೇ ಮೂಗಿನ ಹೊಳ್ಳೆ. ಹಲ್ಲು ಚೂಪಲ್ಲ, ಮೊಂಡು. ಏಡಿಯ ಚಿಪ್ಪು ಪುಡಿ ಮಾಡಲೆಂದೇ ಇರುವಂಥದ್ದು. ಹಾಗಾಗಿ ಮೊದಲ ತುತ್ತಿಗೆ ಬರೀ ಸಿಗಡಿಗಿಂತ ಸಮುದ್ರದ ಏಡಿ ಮೇಲು. ಗದ್ದೆ ಏಡಿ ಬೇಡ, ಕೀಟನಾಶಕದ ಭಯ. ಅಂಗಡಿಯವರು ಸುಲಿದು ಕೊಡುವ ಸಿಗಡಿಯೂ ಬೇಡ, ತಲೆ, ಚಿಪ್ಪು ಸಮೇತ ಇರುವುದನ್ನೇ ತನ್ನಿ. ವಾಸನೆ ಇರುವುದು ತಲೆಯಲ್ಲಿ. ಮನೆಯಲ್ಲಿ ಅರಿಸಿನ, ಉಪ್ಪು ಹಚ್ಚಿಟ್ಟ ಪಾತ್ರೆಯಿಂದ ಎತ್ತಿಕೊಡುವ ಅಭ್ಯಾಸವಿದ್ದರೆ ಬಿಡಿ.

ದೀಪ ಆರಿಸಿ ಒಂದು ಗಂಟೆ ಕಳೆಯಲಿ. ರಿಟರ್ನ್ ಪಂಪ್ (ಫಿಲ್ಟರಿನಿಂದ ನೀರನ್ನು ಟ್ಯಾಂಕಿಗೆ ಮರಳಿಸುವುದು), ಸ್ಕಿಮ್ಮರ್ (ನೊರೆಯಲ್ಲಿ ಕೊಳೆ ತೆಗೆಯುವುದು) ನಿಲ್ಲಿಸಿ, ಪೈಪಿನ ಬಾಯಿಯ ಕಡೆಗೆ ಹರಿಯುವ ಸಣ್ಣ ಅಲೆಯೊಂದನ್ನು ಮಾತ್ರ ಉಳಿಸಿ. ಏಡಿಯ ಕಾಲೊಂದನ್ನು ಜಜ್ಜಿ ಅರ್ಧ ಲೋಟ ಟ್ಯಾಂಕ್ ನೀರಿನಲ್ಲಿ ಹಿಂಡಿ, ಆ ರಸವನ್ನು ಎರಡು ಮೂರು ಚಮಚದಷ್ಟು ಅಲೆಗೆ ಬಿಡಿ. ಐದು ನಿಮಿಷ ಕಾಯಿರಿ. ಈಲಿನ ತಲೆಗಿಂತ ಚಿಕ್ಕದಾದ, ಸುಮಾರು ಒಂದೂವರೆ ಸೆಂ.ಮೀ. ತುಂಡನ್ನು 40 ಸೆಂ.ಮೀ. ಬಿದಿರು ಕಡ್ಡಿಯ ತುದಿಗೆ ಸಡಿಲವಾಗಿ ಸಿಕ್ಕಿಸಿ. ಕಡ್ಡಿಯ ಚೂಪು ಮೊದಲೇ ಕತ್ತರಿಸಿರಬೇಕು. ಊದುಬತ್ತಿ ಕಡ್ಡಿಯಂತೂ ಖಂಡಿತ ಬೇಡ. ಪೈಪಿನ ಬಾಯಿಂದ ನಾಲ್ಕೈದು ಸೆಂ.ಮೀ. ದೂರದಲ್ಲಿ ನೆಲಕ್ಕೆ ತಾಗಿಸಿ ಹಿಡಿದು ಮೆಲ್ಲಗೆ ಅಲುಗಿಸಿ.

ಹಸಿದದ್ದು ಹೇಗೆ ಬರುತ್ತದೆ ಗಮನಿಸಿ: ಮೊದಲು ಹಳದಿ ಹೊಳ್ಳೆ ಮಾತ್ರ, ಆಮೇಲೆ ತಲೆ. ತಲೆ ಎಡಬಲ ತೂಗುತ್ತದೆ, ತುಂಡನ್ನು ದಾಟಿ ಹೋಗಿ ವಾಪಸು ಬರುತ್ತದೆ, ಮೂತಿ ತಾಗಿದ ಕ್ಷಣಕ್ಕೆ ಕಚ್ಚುತ್ತದೆ. ಕಚ್ಚಿದ ಮೇಲೆ ಕಡ್ಡಿ ಹಿಂದೆ ಎಳೆಯಬೇಡಿ. ಮೊರೆಗಳ ಗಂಟಲಲ್ಲಿ ಇನ್ನೊಂದು ಜೊತೆ ದವಡೆ ಇದೆ, ಅದು ಮುಂದೆ ಚಾಚಿ ತುತ್ತನ್ನು ಒಳಗೆಳೆಯುತ್ತದೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ಜೀವವಿಜ್ಞಾನಿಗಳಾದ ರೀಟಾ ಮೆಹ್ತಾ, ಪೀಟರ್ ವೇನ್‌ರೈಟ್ 2007ರಲ್ಲಿ ತೋರಿಸಿಕೊಟ್ಟರು. ನಾವು ಆಚೆ ಎಳೆದರೆ ಹೆದರಿ ಉಗಿಯುತ್ತದೆ, ಮರುದಿನ ಕಡ್ಡಿ ಕಂಡರೇ ಒಳಗೆ ಸೇರುತ್ತದೆ. ತಲೆ ಹಿಂದಕ್ಕೆ ಎಳೆದುಕೊಂಡರೆ ಅಂದಿನ ಪ್ರಯತ್ನ ಅಲ್ಲಿಗೆ ಮುಗಿಯಿತು. ತುಂಡನ್ನು ಪೈಪಿನ ಬಾಯಲ್ಲಿ ಬಿಟ್ಟು, ಒಂದೆರಡು ಗಂಟೆಯ ನಂತರ ತೆಗೆಯಿರಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಅಮೋನಿಯಾ. ಪಂಪ್ ಮತ್ತೆ ಹಾಕಲು ಮರೆಯುವವರೇ ಹೆಚ್ಚು, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಹೀಗೆ ಎರಡು ದಿನಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಡ್ಯಾಮ್ಸೆಲ್, ಟ್ರಿಗರ್ ಮೀನುಗಳು ತುತ್ತು ಕದಿಯುತ್ತಿದ್ದರೆ ಮೊದಲು ಅವಕ್ಕೆ ಇನ್ನೊಂದು ತುದಿಯಲ್ಲಿ ಹೊಟ್ಟೆ ತುಂಬಿಸಿ. ತಿನ್ನಲು ಹಿಡಿದ ಮೇಲೆ ವಾರಕ್ಕೆ ಮೂರು ಸಲ ಸಾಕು.

ಪ್ರಶ್ನೆ: ನಮ್ಮಲ್ಲಿ ಬೂತಾಯಿ, ಸಿಗಡಿ ತಾಜಾ ಸಿಗುತ್ತದೆ. ದಿನಾ ಅದನ್ನೇ ಕೊಡಬಹುದೇ? ಜೀವಂತ ಗೋಲ್ಡ್‌ಫಿಷ್ ಬಿಟ್ಟರೆ ಬೇಗ ತಿನ್ನುತ್ತದೆ ಎನ್ನುತ್ತಾರೆ.
– ಮಂಗಳೂರಿನಿಂದ

ಉತ್ತರ: ಗೋಲ್ಡ್‌ಫಿಷ್ ಬೇಡವೇ ಬೇಡ. ಬೂತಾಯಿ ಜಾತಿಯ ಮೀನು, ಹಲವು ಬಗೆಯ ಸಿಗಡಿ, ಗೋಲ್ಡ್‌ಫಿಷ್ ಈ ಮೂರರಲ್ಲೂ ಥಯಾಮಿನೇಸ್ ಎಂಬ ಕಿಣ್ವವಿದೆ, ಅದು ವಿಟಮಿನ್ ಬಿ1 ಅನ್ನು ಒಡೆದು ಹಾಕುತ್ತದೆ. ಫ್ರೀಜರಿನಲ್ಲಿಟ್ಟರೂ ಕಿಣ್ವ ಸಾಯುವುದಿಲ್ಲ. ತಿಂಗಳುಗಟ್ಟಲೆ ಅದೇ ತಿಂದ ಈಲಿಗೆ ಬಿ1 ಕೊರತೆಯ ಮೊದಲ ಲಕ್ಷಣವೇ ಊಟ ಬಿಡುವುದು, ಆಮೇಲೆ ಈಜಿನ ಸಮತೋಲ ತಪ್ಪುವುದು. ಚೆನ್ನಾಗಿ ತಿನ್ನುತ್ತಿದ್ದ ಈಲ್ ಏಕೆ ಬಿಟ್ಟಿತು ಎಂದು ಕೇಳುವವರು ಹಿಂದಿನ ಆರು ತಿಂಗಳ ಊಟ ನೆನಪಿಸಿಕೊಳ್ಳಲಿ. ಏಡಿ, ಬೊಂಡಾಸ್, ಆಗೊಮ್ಮೆ ಜಿಲೇಬಿ ಮೀನಿನ ಬಿಳಿ ಮಾಂಸ, ಮಧ್ಯೆ ಸಿಗಡಿ, ಹೀಗೆ ಬದಲಿಸಿ. ವಾರಕ್ಕೊಮ್ಮೆ ತುಂಡನ್ನು ಅಕ್ವೇರಿಯಂ ವಿಟಮಿನ್ ದ್ರವದಲ್ಲಿ ಹದಿನೈದು ನಿಮಿಷ ನೆನೆಸಿ. ಹಟ ಹಿಡಿದ ಈಲಿಗೆ ಜೀವಂತ ಆಹಾರ ಕೊಡಲೇಬೇಕೆಂದಿದ್ದರೆ ಉಗುರಿನಷ್ಟು ಸಣ್ಣ ಸಮುದ್ರ ಏಡಿ ಕೊಡಿ, ಎರಡು ಮೂರು ಸಲ ಮಾತ್ರ. ನಿಮ್ಮ ಊರಿನ ಏಪ್ರಿಲ್ ಸೆಕೆಗೆ ನೀರು 30 ದಾಟಿದರೆ ಆಮ್ಲಜನಕ ಇಳಿದು ಹಸಿವು ಕೆಡುತ್ತದೆ, ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ತಿರುಗಿಸಿ.

ಪ್ರಶ್ನೆ: 'ಸಿಹಿನೀರಿನ ಸ್ನೋಫ್ಲೇಕ್ ಈಲ್' ಎಂದು ಕೊಟ್ಟರು. ಇಪ್ಪತ್ತು ದಿನದಿಂದ ತಿಂದಿಲ್ಲ, ಚರ್ಮದ ಮೇಲೆ ಬಿಳಿ ಪೊರೆ.
– ಮೈಸೂರಿನಿಂದ

ಉತ್ತರ: ಸಿಹಿನೀರಿನಲ್ಲೇ ಕೊನೆತನಕ ಬಾಳುವ ಸ್ನೋಫ್ಲೇಕ್ ಇಲ್ಲ. ಈ ಹೆಸರಿನಲ್ಲಿ ಅಂಗಡಿಗೆ ಬರುವುದು ಹೆಚ್ಚಾಗಿ ಜಿಮ್ನೋಥೊರಾಕ್ಸ್ ಟೈಲ್, ಪ್ರಕೃತಿವಿಜ್ಞಾನಿ ಹ್ಯಾಮಿಲ್ಟನ್ 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ವರ್ಣಿಸಿದ ಮೀನು. ನದಿ ಸಮುದ್ರ ಸೇರುವ ಅಳಿವೆಯ ಸವಳು ನೀರು ಅದರ ಮನೆ. ಸಿಹಿನೀರಿನಲ್ಲಿ ಕೆಲವು ಕಾಲ ತಳ್ಳುತ್ತದೆ, ಆಮೇಲೆ ಊಟ ಬಿಡುತ್ತದೆ, ಪೊರೆ ಕಟ್ಟುತ್ತದೆ. ಇಲ್ಲಿ ಬೇಕಾದ ಮದ್ದು ಉಪ್ಪು. ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದು ಸಿಗುವ ಸಮುದ್ರ ಉಪ್ಪಿನ ಮಿಶ್ರಣ. ನೂರು ಲೀಟರಿಗೆ ಸುಮಾರು 300 ಗ್ರಾಂ ಹಾಕಿದರೆ ಸಾಂದ್ರತೆ 0.002 ಏರುತ್ತದೆ. ವಾರಕ್ಕೆ ಅಷ್ಟೇ ಏರಿಸಿ, ನೀರು ಬದಲಿಸುವಾಗ ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ ಹಾಕಿ, 1.010ರಿಂದ 1.015ರ ನಡುವೆ ನಿಲ್ಲಿಸಿ. ಒಂದೇ ದಿನ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ. ಜೊತೆಗಿರುವ ಸಿಹಿನೀರಿನ ಮೀನು, ಗಿಡಗಳನ್ನು ಮೊದಲೇ ಬೇರೆಡೆಗೆ ಸಾಗಿಸಿ. ಪೊರೆಗೆಂದು ತಾಮ್ರ ಇರುವ ಔಷಧ ಹಾಕಬೇಡಿ. ಮೊರೆಗಳಿಗೆ ಹುರುಪೆ ಇಲ್ಲ, ತಾಮ್ರ ತಡೆಯುವುದಿಲ್ಲ. ಈಗಾಗಲೇ ಹಾಕಿದ್ದರೆ ಅರ್ಧ ನೀರು ಬದಲಿಸಿ ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಇಡಿ. ಈ ಜಾತಿಯ ಹಲ್ಲು ಚೂಪು, ಮೀನಿನ ತುಂಡನ್ನೂ ತಿನ್ನುತ್ತದೆ. ಕೈಯಿಂದ ಮಾತ್ರ ಕೊಡಬೇಡಿ.

ಪ್ರಶ್ನೆ: ಒಂದು ತಿಂಗಳಾಯಿತು. ಬಲವಂತವಾಗಿ ತಿನ್ನಿಸಬಹುದೇ?
– ಹುಬ್ಬಳ್ಳಿಯಿಂದ

ಉತ್ತರ: ಮನೆಯಲ್ಲಿ ಬೇಡ. ಹಿಡಿಯುವಾಗ ಮೈಯ ಲೋಳೆ ಹೋಗುತ್ತದೆ, ಗಂಟಲು ಹರಿಯುತ್ತದೆ. ದಿನ ಎಣಿಸುವುದಕ್ಕಿಂತ ಮೈ ನೋಡಿ. ತಲೆಯ ಹಿಂದಿನ ಭಾಗ ಗುಳಿಬಿದ್ದಿದೆಯೇ, ಬೆನ್ನು ಏಣಿನಂತೆ ಎದ್ದಿದೆಯೇ, ಹಗಲಲ್ಲೂ ಬಯಲಿನಲ್ಲಿ ಬಿದ್ದಿರುತ್ತದೆಯೇ, ಉಸಿರು ಜೋರಾಗಿದೆಯೇ, ಹೊಟ್ಟೆ ಕೆಂಪಾಗಿದೆಯೇ. ಇವುಗಳಲ್ಲಿ ಎರಡು ಕಂಡರೂ ಮೀನಿನ ಕಾಯಿಲೆ ತಿಳಿದ ಪಶುವೈದ್ಯರಿಗೆ ತೋರಿಸಿ. ಯಾವುದೂ ಇಲ್ಲದಿದ್ದರೆ ಟ್ಯಾಂಕಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ನಾಲ್ಕು ದಿನ ಯಾರೂ ಹತ್ತಿರ ಸುಳಿಯದೆ ಬಿಡಿ, ಐದನೇ ರಾತ್ರಿ ಏಡಿರಸದಿಂದ ಶುರು ಮಾಡಿ.

ಪ್ರಶ್ನೆ: ನಮ್ಮ ಈಲ್ ಟ್ಯಾಂಕಿನಲ್ಲೇ ಕಾಣುತ್ತಿಲ್ಲ!
– ಬೆಳಗಾವಿಯಿಂದ

ಉತ್ತರ: ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ), ಓವರ್‌ಫ್ಲೋ ಪೆಟ್ಟಿಗೆ, ಸೋಫಾದ ಅಡಿ, ಈ ಕ್ರಮದಲ್ಲಿ ಹುಡುಕಿ. ಚರ್ಮ ತೇವವಾಗಿದ್ದರೆ ಸತ್ತಂತೆ ಕಂಡರೂ ಒದ್ದೆ ಬಟ್ಟೆಯಲ್ಲಿ ಹಿಡಿದು ನೀರಿಗೆ ಬಿಡಿ. ಸ್ನೋಫ್ಲೇಕ್ ನೀರಿನಾಚೆಯೂ ಸ್ವಲ್ಪ ಹೊತ್ತು ತಾಳುತ್ತದೆ. ಆಮೇಲೆ ಮುಚ್ಚಳದಲ್ಲಿ ವೈರ್ ಹೋಗುವ ಪ್ರತಿ ತೂತಿಗೂ ಸ್ಪಂಜು ತುರುಕಿ, ಮುಚ್ಚಳದ ಮೇಲೆ ಭಾರ ಇಡಿ. ಆ ಈಲ್ ಮುಂದಿನ ಒಂದು ವಾರ ಊಟ ಮುಟ್ಟದಿದ್ದರೆ ಆಶ್ಚರ್ಯ ಬೇಡ.