ಮೆಟ್ಟಿಲು ಹತ್ತುವ ಅಪ್ಪಯ್ಯ ಬಾಗಿಲಲ್ಲಿ ಯಾಕೆ ನಿಲ್ಲುತ್ತಾರೆ?

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 71 ವರ್ಷ. ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಜಗಲಿಯ ಮೆಟ್ಟಿಲನ್ನು ತಾವೇ ಹತ್ತುತ್ತಾರೆ. ಆದರೆ ಮಲಗುವ ಕೋಣೆ ಬಾಗಿಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಕೈ ಹಿಡಿದು ಎಳೆದರೂ ಬರಲ್ಲ. ಹೋದ ತಿಂಗಳು ಅಲ್ಲೇ ಮುಗ್ಗರಿಸಿ ಬಿದ್ದರು. ಮನೆಯಲ್ಲಿ ಕೆಲವರು ಇದು ಹಠ ಅಂತಾರೆ. ಶಿವಮೊಗ್ಗಕ್ಕೆ ಪದೇ ಪದೇ ಕರೆದುಕೊಂಡು ಬರೋದು ಕಷ್ಟ. ಮನೆಯಲ್ಲೇ ಏನು ಮಾಡಬಹುದು?
– ಒಬ್ಬ ಮಗಳು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇದು ಹಠ ಅಲ್ಲ. ದಯವಿಟ್ಟು ಇವತ್ತೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿ.

ನಮ್ಮ ಅಜ್ಜನಿಗೂ ಇದೇ ಆಗುತ್ತಿತ್ತು. ಸಾಗರದ ಕಡೆ ನಮ್ಮ ಮನೆ. ಊಟಕ್ಕೆ ಕರೆದರೆ ಅಡುಗೆಮನೆ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ನಾನಾಗ ಹೈಸ್ಕೂಲು. ಒಂದು ದಿನ ‘ಬಾ ಅಜ್ಜ’ ಅಂತ ಎರಡೂ ಕೈ ಹಿಡಿದು ಎಳೆದೆ. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಬಿದ್ದು ಸೊಂಟದ ಮೂಳೆ ಮುರಿಯಿತು. ಫಿಸಿಯೋಥೆರಪಿ ಓದುವಾಗ ಪಾಠದಲ್ಲಿ ಇದು ಬಂದ ದಿನ ನಾನು ಕ್ಲಾಸಲ್ಲೇ ಅತ್ತಿದ್ದೆ. ಅದಕ್ಕೇ ಯಾರೇ ಬಂದರೂ ಮೊದಲು ಹೇಳುವುದು ಒಂದೇ ಮಾತು: ಎಳೆಯಬೇಡಿ.

ನಾವು ನಡೆಯುವಾಗ ಹೆಜ್ಜೆ ಬಗ್ಗೆ ಯೋಚಿಸುವುದಿಲ್ಲ ಅಲ್ವಾ? ಮಿದುಳಿನ ಒಳಗಿನ ಒಂದು ಭಾಗ ಅದನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಅದಕ್ಕೆ ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತಾ ಹೋಗುತ್ತವೆ. ಆಗ ರೂಢಿಯ ನಡಿಗೆ ಕೈಕೊಡುತ್ತದೆ. ಬಾಗಿಲು, ಇಕ್ಕಟ್ಟು, ತಿರುಗುವ ಜಾಗ, ಅವಸರ, ಇಂಥ ಕಡೆಯೇ ಜಾಸ್ತಿ. ಮೆಟ್ಟಿಲು ಹಾಗಲ್ಲ. ಕಾಲು ಎಲ್ಲಿ ಇಡಬೇಕು ಅಂತ ಪ್ರತಿ ಮೆಟ್ಟಿಲೂ ಕಣ್ಣಿಗೆ ತೋರಿಸುತ್ತದೆ. ನೋಡಿಕೊಂಡು ಕಾಲು ಎತ್ತುವ ದಾರಿ ಮಿದುಳಲ್ಲಿ ಬೇರೆಯೇ ಇದೆ. ನಿಮ್ಮ ಅಪ್ಪಯ್ಯನಿಗೆ ಆ ದಾರಿ ಚೆನ್ನಾಗಿಯೇ ಉಳಿದಿದೆ.

ಹಾಗಾದರೆ ನೆಲದ ಮೇಲೂ ಮೆಟ್ಟಿಲು ಬರೆಯೋಣ. ಅಂಗಡಿಯಿಂದ ಅಗಲದ ಬಣ್ಣದ ಟೇಪು ತನ್ನಿ. ಕೆಂಪು ಗಾರೆ ನೆಲವಾದರೆ ಬಿಳಿ ಅಥವಾ ಹಳದಿ ಚೆನ್ನಾಗಿ ಎದ್ದು ಕಾಣುತ್ತದೆ. ಬಾಗಿಲಿಗೆ ಮೊದಲು ಮೂರು, ದಾಟಿದ ಮೇಲೆ ಮೂರು ಅಡ್ಡಗೆರೆ ಅಂಟಿಸಿ. ನಡುವೆ ಸುಮಾರು ಒಂದೂವರೆ ಅಡಿ ಇರಲಿ. ಆಮೇಲೆ ಅವರ ಹೆಜ್ಜೆ ನೋಡಿ ಹೆಚ್ಚುಕಮ್ಮಿ ಮಾಡಿ. ‘ನಡಿ’ ಅನ್ನಬೇಡಿ, ‘ಗೆರೆ ದಾಟು ಅಪ್ಪಯ್ಯ’ ಅನ್ನಿ. ಹಗ್ಗ, ಕೋಲು, ಚಾಪೆ ಮಾತ್ರ ಬೇಡ, ಎಡವುತ್ತಾರೆ.

ತಾಳವೂ ಇದೇ ಕೆಲಸ ಮಾಡುತ್ತದೆ. ನನ್ನ ಹತ್ತಿರ ಬರುವ ಒಬ್ಬರಿಗೆ ತಾಳಮದ್ದಲೆ ಅಂದರೆ ಪ್ರಾಣ. ಬಾಯಲ್ಲೇ ತಾಳ ಹಾಕಿಕೊಂಡು ಹೊರಟರೆ ಉದ್ದದ ಪಡಸಾಲೆಯನ್ನು ಒಂದೂ ಸಲ ನಿಲ್ಲದೆ ದಾಟುತ್ತಾರೆ. ಫೋನಿನಲ್ಲಿ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಆ್ಯಪ್ ಇದೆ. ಬರೀ ಚಪ್ಪಾಳೆಯೂ ಸಾಕು.

ಆದರೂ ಕಾಲು ಅಂಟಿತು ಅನ್ನಿ. ನೀವು ಪಕ್ಕದಲ್ಲಿ ನಿಲ್ಲಿ, ಮುಂದೆ ಅಲ್ಲ. ಅವರು ಪ್ರಯತ್ನ ಬಿಟ್ಟು ಸುಮ್ನೆ ನಿಂತು ಉಸಿರು ಬಿಡಲಿ. ಬೆನ್ನು ನೆಟ್ಟಗೆ. ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಮೆಲ್ಲಗೆ ತೂಗಲಿ, ಮೂರು ನಾಲ್ಕು ಸಲ. ಆಮೇಲೆ ಹಗುರಾದ ಕಾಲಿಂದ ಒಂದು ದೊಡ್ಡ ಹೆಜ್ಜೆ. ಆ ಹೊತ್ತಲ್ಲಿ ಯಾರೂ ಅಡಿಕೆ ರೇಟು, ಮದುವೆ ಮಾತು ತೆಗೆಯಬೇಡಿ. ಎರಡು ಕಡೆ ಗಮನ ಹೋದರೆ ಕಾಲು ನಿಲ್ಲುತ್ತದೆ. ತಿರುಗುವಾಗ ನಿಂತಲ್ಲೇ ಗಿರಕಿ ಬೇಡ, ಬಸ್ಸು ತಿರುಗಿಸುವ ಹಾಗೆ ಅಗಲಕ್ಕೆ ಸುತ್ತಿ ಬರಲಿ.

ವ್ಯಾಯಾಮ ದಿನಾ ಬೇಕು, ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಲ್ಲಿ. ಕುರ್ಚಿಯಿಂದ ಎದ್ದು ಕೂರುವುದು, ಮೊಣಕಾಲು ಎತ್ತಿ ನಿಂತಲ್ಲೇ ಹೆಜ್ಜೆ ಹಾಕುವುದು, ಕೈ ಪೂರ್ತಿ ಚಾಚುವುದು. ಎಲ್ಲವೂ ದೊಡ್ಡದಾಗಿ. ಈ ಕಾಯಿಲೆಯಲ್ಲಿ ಚಲನೆ ಚಿಕ್ಕದಾಗುತ್ತಾ ಹೋಗುತ್ತದೆ, ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಎಲ್‌ಎಸ್‌ವಿಟಿ ಬಿಗ್ ಅನ್ನುವ ತರಬೇತಿ ಇದರ ಮೇಲೆಯೇ ನಿಂತಿದೆ: ವಾರಕ್ಕೆ 4 ದಿನದಂತೆ 4 ವಾರ, ಒಟ್ಟು 16 ಸಲ. ನಿಮಗೆ ಅಷ್ಟು ಓಡಾಟ ಆಗದು, ಗೊತ್ತು. ಒಂದು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು, ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಶುರುವಿನಲ್ಲಿ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಡಾಕ್ಟರ್ ಹತ್ತಿರ ಎರಡು ವಿಷಯ ಕೇಳಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆಯನ್ನು ಊಟಕ್ಕೆ ಎಷ್ಟು ಮೊದಲು ಕೊಡಬೇಕು? ಬೇಳೆ, ಹಾಲು, ಮೀನಿನ ಪ್ರೋಟೀನ್ ಅದರ ಕೆಲಸಕ್ಕೆ ಅಡ್ಡ ಬರಬಹುದು. ಇನ್ನೊಂದು, ಬಿದ್ದ ಮೇಲೆ ತಲೆಸುತ್ತಿಗೆ ಅಂತ ಸಿನ್ನರಿಜಿನ್, ವಾಂತಿಗೆ ಅಂತ ಮೆಟೊಕ್ಲೋಪ್ರಮೈಡ್ ಯಾರಾದರೂ ಕೊಟ್ಟಿದ್ದಾರಾ? ಇವು ಪಾರ್ಕಿನ್ಸನ್ ಲಕ್ಷಣಗಳನ್ನು ಜಾಸ್ತಿ ಮಾಡುತ್ತವೆ. ಎದ್ದು ನಿಂತಾಗ ಬಿಪಿ ಇಳಿಯುತ್ತದೆಯೇ ಅಂತಲೂ ನೋಡಿಸಿ.

ಮಳೆಗಾಲದಲ್ಲಿ ಅಂಗಳಕ್ಕೆ ಹಾಸುವ ಅಡಿಕೆ ದಬ್ಬೆ ಮೇಲೆ ಅವರನ್ನು ಒಬ್ಬರೇ ಬಿಡಬೇಡಿ. ಬಚ್ಚಲಲ್ಲಿ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ. ಕರೆಂಟು ಹೋದರೆ ತಾನೇ ಹೊತ್ತಿಕೊಳ್ಳುವ ದೀಪವೊಂದು ಕೋಣೆ ಬಾಗಿಲ ಹತ್ತಿರ ಇರಲೇಬೇಕು. ಅವರು ಈಗ ಕಣ್ಣಿಂದ ನಡೆಯುವವರು, ಕತ್ತಲಲ್ಲಿ ಗೆರೆ ಇದ್ದೂ ಇಲ್ಲದ ಹಾಗೆ.

ಟೇಪು ಅಂಟಿಸುವ ಮೊದಲು ಬಾಗಿಲ ಹತ್ತಿರ ಅವರು ನಡೆಯುವುದನ್ನು ಒಂದು ವಿಡಿಯೋ ಮಾಡಿ, ಒಂದು ವಾರದ ಮೇಲೆ ಇನ್ನೊಂದು. ಡಾಕ್ಟರಿಗೆ ಎರಡನ್ನೂ ತೋರಿಸಿ. ಆಸ್ಪತ್ರೆಯ ಅಗಲ ಕಾರಿಡಾರಿನಲ್ಲಿ ಎಷ್ಟೋ ಸಲ ಇವರು ಸಲೀಸಾಗಿ ನಡೆದುಬಿಡುತ್ತಾರೆ. ಮನೆಯ ಬಾಗಿಲಲ್ಲಿ ಏನಾಗುತ್ತದೆ ಅಂತ ಡಾಕ್ಟರಿಗೆ ಕಾಣುವುದೇ ಇಲ್ಲ.