ಬಗ್ಗಿಸಿದರೆ, ಎಳೆದರೆ ಸೂಪರ್‌ಕಂಡಕ್ಟರ್ ತಂತಿ (ತೀರಾ ತಣ್ಣಗಾದಾಗ ಕರೆಂಟನ್ನು ತಡೆಯೇ ಇಲ್ಲದೆ ಹರಿಸುವ ತಂತಿ) ಕೆಡುತ್ತದಂತೆ. ಹಾಗಾದರೆ ಮ್ಯಾಗ್ನೆಟ್‌ಗೆ ಅದನ್ನು ಸುತ್ತುವುದಾದರೂ ಹೇಗೆ?

ಕೋಡುಬಳೆ ಮಾಡುವುದನ್ನು ನೋಡಿದ್ದೀರಲ್ಲ? ಹಿಟ್ಟು ಹಸಿ ಇರುವಾಗಲೇ ಹೊಸೆದು, ಬಳೆ ಮಾಡಿ, ಆಮೇಲೆ ಎಣ್ಣೆಗೆ ಬಿಡೋದು. ಕರಿದ ಮೇಲೆ ಬಗ್ಗಿಸೋಕೆ ಹೋದರೆ ಕೈಗೆ ಸಿಗೋದು ಚೂರು. ನಯೋಬಿಯಂ-ತವರದ ತಂತಿಯದ್ದೂ ಇದೇ ಕಥೆ.

ಎಲ್ಲ ತಂತಿಯೂ ಇಷ್ಟು ನಾಜೂಕಲ್ಲ. ಹಾಸನದ ಆಸ್ಪತ್ರೆಯಲ್ಲಿ ನೀವು ಮಲಗಿ ಬರುವ ಎಂಆರ್‌ಐ ಯಂತ್ರದೊಳಗೆ ಸಾಮಾನ್ಯವಾಗಿ ಇರೋದು ನಯೋಬಿಯಂ-ಟೈಟಾನಿಯಂ. ಬಗ್ಗುವ ಮಿಶ್ರಲೋಹ, ಹೇಗೆ ಸುತ್ತಿದರೂ ಸುಮ್ಮನಿರುತ್ತೆ. ಆದರೆ ದ್ರವ ಹೀಲಿಯಂನ 4.2 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಕಾಂತಕ್ಷೇತ್ರ 10 ಟೆಸ್ಲಾ ಹತ್ತಿರ ಹೋದರೆ ಅದರ ಕೈಲಾಗಲ್ಲ. ಅದಕ್ಕೂ ಮೇಲೆ ಬೇಕಾದರೆ ಸಿಡುಕಿನ ನಯೋಬಿಯಂ-ತವರವೇ ಗತಿ. ಇದು ಶೇಕಡಾ ಅರ್ಧದಷ್ಟೂ ಹಿಗ್ಗುವ ಮೊದಲೇ ಬಿರುಕು ಬಿಡುತ್ತೆ. ಅದಕ್ಕೇ ಕಂಚಿನೊಳಗೆ ನಯೋಬಿಯಂ ಕಡ್ಡಿ ಸೇರಿಸಿ, ಕೂದಲಿಗಿಂತ ಸಣ್ಣ ಎಳೆಗಳಾಗುವ ತನಕ ಎಳೆದು, ಸುರುಳಿ ಸುತ್ತಿ ಮುಗಿಸಿ, ಕೊನೆಗೆ 650 ಡಿಗ್ರಿ ಆಸುಪಾಸಿನಲ್ಲಿ ದಿನಗಟ್ಟಲೆ ಬೇಯಿಸುತ್ತಾರೆ. ಕಂಚಿನೊಳಗಿನ ತವರ ಹರಿದು ನಯೋಬಿಯಂ ಜೊತೆ ಕೂಡಿಕೊಳ್ಳೋದು ಆಗಲೇ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಪರಮಾಣು ಸಮ್ಮಿಲನ (ಫ್ಯೂಷನ್) ಯಂತ್ರದ 18 ದೈತ್ಯ ಸುರುಳಿಗಳಿಗೂ ಮೊದಲು ಸುತ್ತು, ಆಮೇಲೆ ಬೇಯಿಸು ಅನ್ನುವುದೇ ಕ್ರಮ.

ಇದರಲ್ಲೊಂದು ಪುಕ್ಕಟೆ ಲಾಭವಿದೆ. ತಣ್ಣಗಾಗುವಾಗ ಕಂಚು ಒಳಗಿನ ಎಳೆಗಿಂತ ಜಾಸ್ತಿ ಕುಗ್ಗಿ, ಎಳೆಯನ್ನು ಅಮುಕಿ ಹಿಡಿಯುತ್ತೆ. ಆಮೇಲೆ ತಂತಿಯನ್ನು ಎಳೆದರೆ ಮೊದಲು ಆ ಅಮುಕು ಸಡಿಲವಾಗಬೇಕು. ಅಲ್ಲಿಯವರೆಗೆ ಕರೆಂಟ್ ಹೊರುವ ಶಕ್ತಿ ಇಳಿಯೋದಿರಲಿ, ಸ್ವಲ್ಪ ಏರುತ್ತೆ!

ಸುತ್ತಿದ ಮೇಲೆ ಎಳೆಯೋರು ಯಾರು ಅಂತೀರಾ? ಮ್ಯಾಗ್ನೆಟ್ಟೇ. ಕರೆಂಟ್ ಹರಿಯುವ ತಂತಿಯನ್ನು ಅದರ ಕಾಂತಕ್ಷೇತ್ರ ಹೊರಕ್ಕೆ ತಳ್ಳುತ್ತೆ, ತಂತಿ ಉದ್ದಕ್ಕೆ ಹಿಗ್ಗುತ್ತೆ. 10 ಸೆಂಟಿಮೀಟರ್ ತ್ರಿಜ್ಯದ ಸುರುಳಿ, 10 ಟೆಸ್ಲಾ, ಚದರ ಮಿಲಿಮೀಟರಿಗೆ 300 ಆಂಪಿಯರ್ ಇಟ್ಟುಕೊಂಡು ಗುಣಿಸಿ: 300 ಮೆಗಾಪಾಸ್ಕಲ್. ಒಂದು ಚದರ ಮಿಲಿಮೀಟರ್ ತಂತಿಗೆ 30 ಕೆಜಿ ನೇತುಹಾಕಿದ ಹಾಗೆ. ಅದಕ್ಕೇ ಸ್ಟೀಲು ಅಥವಾ ನಿಕ್ಕಲ್ ಮಿಶ್ರಲೋಹದ ಊರುಗೋಲು ಕೊಡೋದು.

ನಾನು ಇಲ್ಲೇ ಹಾಸನದ ಕಾಲೇಜೊಂದರಲ್ಲಿ ಫಿಸಿಕ್ಸ್ ಮೇಷ್ಟ್ರು. ನನಗೆ ಕೈ ಪಳಗಿರೋದು ಹೊಸ ಕಾಲದ ಸೂಪರ್‌ಕಂಡಕ್ಟರ್ ಟೇಪ್‌ನಲ್ಲಿ. 50 ಮೈಕ್ರಾನ್ ದಪ್ಪದ ಗಟ್ಟಿ ಹ್ಯಾಸ್ಟೆಲಾಯ್ (ನಿಕ್ಕಲ್ ಮಿಶ್ರಲೋಹ) ಪಟ್ಟಿ, ಅದರ ಮೇಲೆ ಬರೀ ಒಂದೆರಡು ಮೈಕ್ರಾನ್ ಸೆರಾಮಿಕ್, ಸೂಪರ್‌ಕಂಡಕ್ಟರ್ ಅಂದರೆ ಇದೇ, ಸುತ್ತ ತಾಮ್ರ. ಇದಕ್ಕೆ ಹೀಲಿಯಂ ಬೇಕಿಲ್ಲ, 77 ಕೆಲ್ವಿನ್‌ನ ದ್ರವ ಸಾರಜನಕ ಸಾಕು. ಅದನ್ನು ತಂದಿದ್ದು ಎಲ್ಲಿಂದ ಗೊತ್ತಾ? ಹಸುಗಳಿಗೆ ಇಂಜೆಕ್ಷನ್ ಕೊಡೋಕೆ ವೀರ್ಯದ ಕಡ್ಡಿಗಳನ್ನು ಇಡ್ತಾರಲ್ಲ, ಆ ಕ್ಯಾನಿಗೆ ತುಂಬಿಸುವ ಪಶುವೈದ್ಯ ಮಿತ್ರರಿಂದ.

4 ಮಿಲಿಮೀಟರ್ ಅಗಲದ ತುಂಡು, 100 ಆಂಪಿಯರ್ ದಾಟಿದ ಮೇಲೂ ವೋಲ್ಟ್‌ಮೀಟರ್ ಮುಳ್ಳು ಅಲುಗಿರಲಿಲ್ಲ. ಸೆಂಟಿಮೀಟರಿಗೆ ಒಂದು ಮೈಕ್ರೋವೋಲ್ಟ್ ಕಂಡರೆ ಅಲ್ಲಿಗೆ ಮಿತಿ ಅನ್ನೋದು ಲೆಕ್ಕ. ಆಮೇಲೆ ಅದೇ ತುಂಡನ್ನು ಬಾಲ್‌ಪೆನ್ನಿಗೆ ಸುತ್ತಿ ಮುಳುಗಿಸಿದೆ. 40 ಆಂಪಿಯರ್ ಕೂಡ ಮುಟ್ಟಲಿಲ್ಲ. ಕಣ್ಣಿಗೆ ಒಂದು ಗೆರೆಯೂ ಕಾಣಲ್ಲ, ತಾಮ್ರ ಫಳಫಳ ಹೊಳೀತಾ ಇದೆ! ಸೆರಾಮಿಕ್ ಮೈ ಹೊರಗೆ ಬರುವ ಹಾಗೆ ಸುತ್ತಿದ್ದೆ, ಹಿಗ್ಗಿ ಒಡೆದಿತ್ತು. ಇನ್ನೊಂದು ತುಂಡನ್ನು ಅದೇ ಪೆನ್ನಿಗೆ ಮೈ ಒಳಗಾಗಿ ಸುತ್ತಿದೆ. ಅದು ಹೆಚ್ಚೇನೂ ಇಳಿಯಲಿಲ್ಲ. ಸೆರಾಮಿಕ್‌ಗೆ ಅಮುಕು ಸಹ್ಯ, ಎಳೆತ ಅಲ್ಲ.

ಉದ್ದಕ್ಕೆ ಇಷ್ಟು ಗಟ್ಟಿ ಇರುವ ಟೇಪು ಪದರ ಸುಲಿಯುವ ದಿಕ್ಕಿನಲ್ಲಿ ಮಾತ್ರ ತೀರಾ ಮೆದು. ಸುರುಳಿ ಅಲುಗದಂತೆ ಎಪಾಕ್ಸಿ ಅಂಟು ಸುರಿದರೆ ಅದು ತಣ್ಣಗಾಗಿ ಕುಗ್ಗುತ್ತಾ ಪದರಗಳನ್ನೇ ಕಿತ್ತುಬಿಡಬಹುದು. ಕೆಲವರು ಅದರ ಬದಲು ಪ್ಯಾರಾಫಿನ್ ಮೇಣ ಹಾಕ್ತಾರೆ. ಮೇಣ ತಾನೇ ಬಿರುಕು ಬಿಟ್ಟು ಟೇಪನ್ನು ಉಳಿಸುತ್ತೆ.

ನೀವೂ ತುಂಡು ತರಿಸಿದರೆ ಸೆರಾಮಿಕ್ ಯಾವ ಮೈಗೆ ಅಂತ ಮಾರುವವರನ್ನೇ ಕೇಳಿ, ಎರಡೂ ಕಡೆ ತಾಮ್ರವೇ ಕಾಣುತ್ತೆ. ನಾನಂತೂ ಈಗ ಪೊಟ್ಟಣ ಬಿಚ್ಚಿದ ಕೂಡಲೇ ಆ ಮೈಗೆ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಡ್ತೀನಿ.